ಅಪ್‌ಡೇಟ್ ಕೈಕೊಟ್ಟ ಬೆಳಗು

ಶಹಾಪುರದ ಗುಡ್ಡಗಳ ಮೇಲೆ ಇನ್ನೂ ಬಿಸಿಲು ಮೂಡಿಲ್ಲ. ಅರ್ಜುಮಂದ ಬೇಗಂ ಬೆಳಗಿನ ನಮಾಜು ಮುಗಿಸಿ, ಜಾನಮಾಜಿನ ಚಾಪೆ ಮಡಚಿಟ್ಟು ಚಹಾಕ್ಕೆ ನೀರಿಡುವಷ್ಟರಲ್ಲಿ, ಒಲೆಕಟ್ಟೆಯ ಮೇಲಿದ್ದ ಫೋನು ಗುಂಯ್ ಎನ್ನುತ್ತದೆ. ಈ ಹೊತ್ತಿಗೆ ಯಾರೂ ಸುಖಾಸುಮ್ಮನೆ ಫೋನು ಮಾಡುವುದಿಲ್ಲ ಎಂಬುದು ಅವರಿಗೆ ಗೊತ್ತು. ಹೆಸರು ನೋಡಿ ಕೂಡಲೇ ಎತ್ತುತ್ತಾರೆ. ಸುರಪುರದ ಮಲ್ಲೇಶ್ವರಿ.

"ಅಕ್ಕ, ವೈಫೈ ಹೋಗ್ಯಾದ," ಎನ್ನುತ್ತಾಳೆ ಮಲ್ಲೇಶ್ವರಿ. ದನಿ ಸಣ್ಣಗಿದೆ. "ನಿನ್ನಿ ಸಂಜಿಮುಂದ ಅಪ್‌ಡೇಟ್ ಹಾಕಿದ್ನಿ. ನಡುವ ಕರೆಂಟ್ ಹೋತು. ಈಗ ಚಾಲು ಮಾಡಿದ್ರ ಮಷೀನು ಮಾತಾಡ್ತದ, ಆದ್ರ ನೆಟ್‌ವರ್ಕ್ ಇಲ್ಲ ಅಂತದ. ವೈಫೈ ಹೆಸರ ಸುದ್ದಾ ಹೇಳವಲ್ದು."

"ಇವತ್ತು ಏನರ ಕೆಲಸ ಇತ್ತೇನು?"

"ಹತ್ತಕ್ಕ ಇಂಟರ್‌ವ್ಯೂ ಅದ ಅಕ್ಕ."

ಅರ್ಜುಮಂದ ಗ್ಯಾಸು ಆರಿಸುತ್ತಾರೆ. ನಿನ್ನೆ ಮಧ್ಯಾಹ್ನ ಇದೇ ಮಲ್ಲೇಶ್ವರಿ ಫೋನು ಮಾಡಿ, ಅಪ್‌ಡೇಟ್ ಬಂದಿದೆ, ಹಾಕಲೋ ಬೇಡವೋ ಎಂದು ಕೇಳಿದ್ದಳು. "ಹಾಕಿಬಿಡು, ಮುಂದಕ್ಕ ಹಾಕಬ್ಯಾಡ" ಎಂದವರು ಅರ್ಜುಮಂದರೇ. ನಾಳೆ ಏನು ಕೆಲಸವಿದೆ ಎಂದು ಅವರು ಕೇಳಿರಲಿಲ್ಲ.

ಮಲ್ಲೇಶ್ವರಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಬಿ.ಎ. ಮುಗಿಸಿದ್ದಾಳೆ. ತಾಯಿ ಭೀಮಾಬಾಯಿ ಸುರಪುರದ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾರೆ. ಅವಳ ಹತ್ತಿರ ಇರುವುದು ಯಾರೋ ಬಳಸಿ ಬಿಟ್ಟ, ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪು. ಅದರಲ್ಲಿ ಲಿನಕ್ಸ್ ಇದೆ. ಪರದೆಯ ಮೇಲೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಇದೆ. ಆ ದನಿಯನ್ನು ಕೇಳುತ್ತ, ಕೀಲಿಗಳ ಮೇಲೆ ಬೆರಳಾಡಿಸುತ್ತ ಅವಳು ಆರು ತಿಂಗಳಲ್ಲಿ ಟೈಪಿಂಗ್ ಕಲಿತಿದ್ದಾಳೆ. ಅಂಧ ಮಕ್ಕಳಿಗಾಗಿ ಪಠ್ಯಪುಸ್ತಕ ಸಿದ್ಧಪಡಿಸುವ ಸಂಸ್ಥೆಯೊಂದು, ಪುಸ್ತಕಗಳ ತಪ್ಪು ತಿದ್ದುವ ಕೆಲಸಕ್ಕೆ ಅವಳನ್ನು ಸಂದರ್ಶನಕ್ಕೆ ಕರೆದಿದೆ. ಮನೆಯಲ್ಲೇ ಕೂತು ಮಾಡುವ ಕೆಲಸ. ಆದರೆ ಒಂದು ಷರತ್ತಿದೆ. ಅವಳು ತನ್ನದೇ ಲ್ಯಾಪ್‌ಟಾಪಿನಲ್ಲಿ, ಅವರ ಕಣ್ಣೆದುರೇ ಒಂದು ಪುಟ ತಿದ್ದಿ ತೋರಿಸಬೇಕು. ಮೊಬೈಲಿನಲ್ಲಿ ಮಾತಾಡಿದರೆ ನಡೆಯುವುದಿಲ್ಲ.

ಅವಳಿಗೆ ಆ ಲ್ಯಾಪ್‌ಟಾಪು ಕೊಟ್ಟದ್ದು ಯಾದಗಿರಿಯ ಒಂದು ಸಣ್ಣ ಸಂಘ. ಕಚೇರಿಗಳು ಬಿಸಾಕಿದ ಯಂತ್ರಗಳನ್ನು ಒಯ್ದು, ದುರಸ್ತಿ ಮಾಡಿ, ಪುಕ್ಕಟೆ ಸಿಗುವ ಲಿನಕ್ಸ್ ತುಂಬಿ, ಬೇಕಾದವರಿಗೆ ಕೊಡುವುದು ಅದರ ಕೆಲಸ. ಕೊಟ್ಟ ಮೇಲೆ ಅವನ್ನು ನೋಡಿಕೊಳ್ಳುವ ಕೆಲಸ ಅರ್ಜುಮಂದರದು. ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಸೇರಿ ಇನ್ನೂರಕ್ಕೂ ಹೆಚ್ಚು ಯಂತ್ರಗಳು ಈಗ ಜನರ ಮನೆ, ಅಂಗಡಿ, ವಾಚನಾಲಯಗಳಲ್ಲಿವೆ. ಅವೆಲ್ಲಕ್ಕೂ ಇರುವುದು ಒಂದೇ ಫೋನು ನಂಬರು, ಅವರದು. ದಿನಕ್ಕೆ ಹದಿನೈದು, ಇಪ್ಪತ್ತು ಕರೆ. ಮುಕ್ಕಾಲು ಪಾಲು ಎರಡೇ ವಿಷಯ: ಅಪ್‌ಡೇಟ್ ಎಂದು ಏನೋ ಕೇಳುತ್ತಿದೆ, ಏನು ಮಾಡಲಿ, ಅಥವಾ, ವೈಫೈ ಹತ್ತುತ್ತಿಲ್ಲ.

ಕೊಂಕಲ್‌ನ ವಾಚನಾಲಯ ನೋಡಿಕೊಳ್ಳುವ ದುರಗಪ್ಪ ಮೊದಲ ಸಲ ಅಪ್‌ಡೇಟ್ ಸೂಚನೆ ಬಂದಾಗ, ಯಾರೋ ನೋಟಿಸು ಕಳಿಸಿದ್ದಾರೆಂದು ತಿಳಿದು ಲ್ಯಾಪ್‌ಟಾಪು ಮುಚ್ಚಿ ಎಂಟು ದಿನ ತೆಗೆದಿರಲಿಲ್ಲ. ಇನ್ನೊಬ್ಬರು ವಿಮಾನದ ಚಿತ್ರವಿರುವ ಕೀಲಿಗೆ ಕೈತಾಗಿಸಿ ವೈಫೈ ಬಂದ್ ಮಾಡಿಕೊಂಡು ಒಂದು ವಾರ ಒದ್ದಾಡಿದ್ದರು.

"ಕಂಪ್ಯೂಟರ್ ಕೆಟ್ರ ಜನ ಅದಕ್ಕ ಬೈಯಂಗಿಲ್ರಿ, ತಮಗ ತಾವೇ ಬೈಕೋತಾರ," ಎನ್ನುತ್ತಾರೆ ಅರ್ಜುಮಂದ. "ನಾನೇ ಏನೋ ಒತ್ತಿದ್ನಿ, ನಂದೇ ತಪ್ಪು ಅಂತಾರ. ಮೊದ್ಲು ಅದನ್ನ ಬಿಡಸಬೇಕ್ರಿ. ವೈಫೈ ಆಮ್ಯಾಲ."

ಅವರು ಯಾವ ಕಾಲೇಜಿನಲ್ಲೂ ಇದನ್ನು ಕಲಿತವರಲ್ಲ. ಮದುವೆಗೆ ಮುಂಚೆ ಶಹಾಪುರದ ಹೊರಗಿನ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ತೂಕದ ಚೀಟಿ ಬರೆಯುವ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಸುಗ್ಗಿಯ ಹೊತ್ತಿನಲ್ಲಿ ಆ ಯಂತ್ರ ವೈರಸ್ ಹತ್ತಿ ನಿಂತಿತು. ಹೊರಗೆ ಹತ್ತಿ ಗಾಡಿಗಳ ಸಾಲು. ರಿಪೇರಿಯವನು ರಾಯಚೂರಿನಿಂದ ಬರಬೇಕು. ಯಾವುದೋ ಪತ್ರಿಕೆಯ ಜೊತೆ ಬಂದಿದ್ದ ಲಿನಕ್ಸ್ ಸಿ.ಡಿ.ಯೊಂದು ಮಿಲ್ಲಿನ ಮೇಜಿನಲ್ಲಿ ಬಿದ್ದಿತ್ತು. ಅದನ್ನು ಹಾಕಿ, ಹೆದರಿ ಹೆದರಿ ಒಂದೊಂದೇ ಗುಂಡಿ ಒತ್ತಿದರು. ಯಂತ್ರ ಎದ್ದಿತು. ಆ ಹೆದರಿಕೆ ಮಾತ್ರ ಅಂದಿನಿಂದ ಇಂದಿನವರೆಗೆ ಅವರನ್ನು ಬಿಟ್ಟಿಲ್ಲ. ಈಗಲೂ ಫೋನಿನಲ್ಲಿ "ಎಂಟರ್ ಒತ್ರಿ" ಎಂದು ಹೇಳುವ ಮುನ್ನ ಒಮ್ಮೆ ಉಗುಳು ನುಂಗುತ್ತಾರೆ.

ಈ ಬೆಳಗಿನಲ್ಲೂ ಹಾಗೆಯೇ. ಮೊದಲು ಅರ್ಧಕ್ಕೆ ನಿಂತ ಅಪ್‌ಡೇಟನ್ನು ಪೂರ್ತಿ ಮಾಡಿಸಲು ನೋಡುತ್ತಾರೆ. ಆಜ್ಞೆಯ ಒಂದೊಂದೇ ಅಕ್ಷರ ಹೇಳುತ್ತಾರೆ. ಮಲ್ಲೇಶ್ವರಿ ಟೈಪು ಮಾಡುತ್ತಾಳೆ. ಅವಳು ತನ್ನ ಕೀಲಿಗುಂಡಿಯ ಫೋನನ್ನು ಲ್ಯಾಪ್‌ಟಾಪಿಗೆ ಹಿಡಿದಾಗ ಯಂತ್ರದ ದನಿ ಓದುವುದು ಅರ್ಜುಮಂದರಿಗೂ ಕೇಳುತ್ತದೆ. ಅದು ಓದಿದ್ದು ಕೇಳಿ ಅವರು ಹಣೆ ಒತ್ತಿಕೊಳ್ಳುತ್ತಾರೆ. ಯಂತ್ರವನ್ನು ಎಬ್ಬಿಸಿ ನಡೆಸುವ ತಿರುಳಿಗೆ ಲಿನಕ್ಸ್‌ನಲ್ಲಿ ಕರ್ನಲ್ ಎನ್ನುತ್ತಾರೆ. ಹೊಸ ಕರ್ನಲ್ ಬಂದು ಕೂತಿದೆ. ಅದಕ್ಕೆ ಹೊಂದುವಂತೆ, ವೈಫೈ ನಡೆಸುವ ಡ್ರೈವರ್ ಎಂಬ ತಂತ್ರಾಂಶವನ್ನು ಮತ್ತೆ ಕಟ್ಟಬೇಕು. ಕಟ್ಟಲು ಬೇಕಾದ ಸಾಮಾನು ಕರೆಂಟ್ ಹೋದಾಗ ಹಿಂದುಳಿದಿದೆ. ಅದನ್ನು ತರಿಸಲು ನೆಟ್ ಬೇಕು. ನೆಟ್ ಬರಲು ಡ್ರೈವರ್ ಬೇಕು.

"ವೈಫೈ ಪೆಟ್ಟಗಿ ಎಲ್ಲದ? ವೈರ್ ಹಚ್ಚಾಕ ಬರ್ತದೇನು?"

"ಮಾಲಕರ ಮನ್ಯಾಗ ಅದ ಅಕ್ಕ, ಮಾಳಗಿ ಮ್ಯಾಲ. ಅವರು ಕೀಲಿ ಹಾಕ್ಕೊಂಡು ಗುರುಮಠಕಲ್‌ಕ ಲಗ್ನಕ್ಕ ಹೋಗ್ಯಾರ."

ಭೀಮಾಬಾಯಿ ನೆರೆಮನೆಗೆ ಹೋಗಿ ಒಂದು ಸ್ಮಾರ್ಟ್‌ಫೋನು ಇಸಿದುಕೊಂಡು ಬರುತ್ತಾರೆ. ಅದರ ನೆಟ್ಟನ್ನು ಚಾರ್ಜಿಂಗ್ ವೈರಿನ ಮೂಲಕ ಲ್ಯಾಪ್‌ಟಾಪಿಗೆ ಕೊಡಬಹುದು. ಚುಚ್ಚುತ್ತಾರೆ, ತೆಗೆಯುತ್ತಾರೆ, ಮತ್ತೆ ಚುಚ್ಚುತ್ತಾರೆ. ಫೋನು ಚಾರ್ಜು ಆಗುತ್ತದೆಯೇ ಹೊರತು ನೆಟ್ ಹಾಯುವುದಿಲ್ಲ. ಅದು ಬರೀ ಚಾರ್ಜಿನ ವೈರು. ಬೇರೆ ವೈರು ತರಲು ಅಂಗಡಿ ತೆರೆದಿಲ್ಲ. ನೆರೆಯವರು ತಮ್ಮ ಕೆಲಸಕ್ಕೆ ಹೊರಟು, ಫೋನು ವಾಪಸು ಕೇಳುತ್ತಾರೆ.

ಅರ್ಜುಮಂದ ಬುರ್ಖಾ ಹಾಕಿಕೊಳ್ಳುತ್ತಾರೆ. ಪೆಟ್ಟಿಗೆಯಲ್ಲಿ ಹುಡುಕಿ, ಹೆಬ್ಬೆರಳಿನ ಉಗುರಿನಷ್ಟಿರುವ ವೈಫೈ ಡಾಂಗಲ್ ಒಂದನ್ನು ಕರವಸ್ತ್ರದಲ್ಲಿ ಗಂಟು ಹಾಕುತ್ತಾರೆ. ಇದಕ್ಕೆ ಬೇರೆ ಡ್ರೈವರ್ ಬೇಡ. ಲ್ಯಾಪ್‌ಟಾಪಿಗೆ ಚುಚ್ಚಿದರೆ ಸಾಕು, ವೈಫೈ ಹತ್ತುತ್ತದೆ. ಆದರೆ ಚುಚ್ಚಲು ಸುರಪುರ ಮುಟ್ಟಬೇಕು. ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಹೊರಡುತ್ತಿದ್ದ ಗಂಡ ಖಾಜಾಹುಸೇನ "ಚಾಯ್ ತೋ ಪೀಕೇ ಜಾ" ಎಂದು, ಚಹಾ ಕುಡಿದಾದರೂ ಹೋಗೆಂದು ಕರೆಯುವಷ್ಟರಲ್ಲಿ ಅವರು ಬೀದಿಯಲ್ಲಿದ್ದಾರೆ.

ಬಸ್ಸು ಬೇಗ ಸಿಗುತ್ತದೆ. ಭೀಮರಾಯನಗುಡಿ ದಾಟುವವರೆಗೂ ಎಲ್ಲ ಸರಿಯಾಗಿಯೇ ಇದೆ. ಹತ್ತಿಗೂಡೂರ ಇನ್ನೂ ದೂರವಿರುವಾಗ ಬಸ್ಸು ನಿಲ್ಲುತ್ತದೆ. ಮುಂದೆ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರಿನ ಟ್ರೇಲರ್ ರಸ್ತೆಗೆ ಅಡ್ಡ ಮಗುಚಿದೆ. ಎರಡೂ ಕಡೆ ಲಾರಿ, ಟಂಟಂ ಆಟೋ, ಬಸ್ಸುಗಳ ಸಾಲು. ಕಂಡಕ್ಟರ್ ಇಳಿದು ನೋಡಿ ಬಂದು, "ಹುಲ್ಲು ಎತ್ತೂತನಕ ಹೊಂಟಂಗಿಲ್ರಿ" ಎನ್ನುತ್ತಾನೆ.

"ಆವಾಗ ನನಗ ನಾನೇ ಬೈಕೊಂಡ್ನಿರಿ," ಎಂದು ಅರ್ಜುಮಂದ ನೆನೆಯುತ್ತಾರೆ. "ಇಂಟರ್‌ವ್ಯೂ ಆಕಿದು. ಅಪ್‌ಡೇಟ್ ಹಾಕು ಅಂತ ಹೇಳಿದಾಕಿ ನಾನು. ನಾ ಇಲ್ಲಿ ಹುಲ್ಲು ನೋಡ್ಕೋತ ಕುಂತೀನಿ."

ಇನ್ನೊಂದು ದಾರಿ ಇದೆ ಎಂಬುದು ಅವರಿಗೆ ಮೊದಲಿನಿಂದಲೂ ಗೊತ್ತು. ಅದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದರು. ಹೊಸ ಕರ್ನಲ್ ಬಂದರೂ ಹಳೆಯದು ಒಳಗೇ ಇರುತ್ತದೆ. ಯಂತ್ರ ಏಳುವ ಮೊದಲು ಬರುವ ಒಂದು ಕಪ್ಪು ಪರದೆಯ ಪಟ್ಟಿಯೊಳಗಿನ ಇನ್ನೊಂದು ಪಟ್ಟಿಯಲ್ಲಿ ಅದನ್ನು ಆರಿಸಿದರೆ ನಿನ್ನೆಯ ವೈಫೈ ನಿನ್ನೆಯ ಹಾಗೆಯೇ ಬರುತ್ತದೆ. ಆದರೆ ಆ ಹೊತ್ತಿಗೆ ಯಂತ್ರ ಪೂರ್ತಿ ಎದ್ದಿರುವುದಿಲ್ಲ. ಓದುವ ದನಿಯೂ ಎದ್ದಿರುವುದಿಲ್ಲ. ಕಣ್ಣಿಲ್ಲದವಳ ಪಾಲಿಗೆ ಅದು ಬಾಯಿಲ್ಲದ ಪರದೆ. ತಪ್ಪು ಸಾಲು ಆರಿಸಿದರೆ ದನಿಯೇ ಇಲ್ಲದ ಇನ್ನೆಲ್ಲೋ ಹೋಗಿ ಬೀಳುತ್ತಾಳೆ. ಅಲ್ಲಿಂದ ಫೋನಿನಲ್ಲಿ ಎತ್ತಿ ತರಲು ಅರ್ಜುಮಂದರಿಗೂ ಬರುವುದಿಲ್ಲ.

ಅವರು ಬಸ್ಸಿನಿಂದಿಳಿದು, ರಸ್ತೆಬದಿಯ ಜಾಲಿಯ ನೆರಳಿನಲ್ಲಿ ನಿಂತು ಫೋನು ಹಚ್ಚುತ್ತಾರೆ.

"ಮಲ್ಲೇಶ್ವರಿ, ಅವ್ವ ಮನ್ಯಾಗ ಅದಾರೇನು?"

"ಅದಾಳ ಅಕ್ಕ. ಇವತ್ತು ಖಾನಾವಳಿಗಿ ಹೋಗಿಲ್ಲ."

"ಅವ್ವಗ ಇಂಗ್ಲಿಷ್ ಓದಾಕ ಬ್ಯಾಡ. ಪರದಿ ನೋಡಿ ಹೇಳಿದ್ರ ಸಾಕು. ಫೋನು ಸ್ಪೀಕರ್‌ಕ ಹಾಕು."

ಭೀಮಾಬಾಯಿ ಆ ಯಂತ್ರವನ್ನು ಒರೆಸಲೂ ಮುಟ್ಟಿದವರಲ್ಲ. "ಯವ್ವಾ, ನನಗ ಏನು ತಿಳೀತದ? ಕೆಟ್ಟುಗಿಟ್ಟೀತು," ಎಂದು ಅವರು ಹಿಂದೆ ಸರಿಯುವುದು ಫೋನಿನಲ್ಲೇ ಗೊತ್ತಾಗುತ್ತದೆ.

"ನೀವು ಮುಟ್ಟಬ್ಯಾಡ್ರಿ ಅವ್ವ. ಮುಟ್ಟಾಕಿ ಮಗಳು. ನೀವು ನೋಡ್ರಿ ಅಷ್ಟ."

ಯಂತ್ರ ಆರಿಸಿ ಮತ್ತೆ ಚಾಲು ಮಾಡಿಸುತ್ತಾರೆ. ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿಯಲು ಮಲ್ಲೇಶ್ವರಿಗೆ ಹೇಳುತ್ತಾರೆ. ಈ ಕಡೆ ಲಾರಿಗಳ ಹಾರ್ನು. ಅರ್ಜುಮಂದ ಇನ್ನೊಂದು ಕಿವಿಗೆ ಬೆರಳಿಡುತ್ತಾರೆ.

"ಕರ್ರಗಾತು," ಎನ್ನುತ್ತಾರೆ ಭೀಮಾಬಾಯಿ. "ಬೆಳ್ಳನ್ನ ಅಕ್ಷರ ಬಂದಾವ. ಸಾಲು ಸಾಲು."

"ಒಂದು ಸಾಲಿನ ಹಿಂದ ಬಿಳಿ ಪಟ್ಟಿ ಅದೇನ್ರಿ?"

"ಅದ. ಎಲ್ಲಾಕಿಂತ ಮ್ಯಾಲಿನ ಸಾಲಿಗಿ."

"ಮಲ್ಲೇಶ್ವರಿ, ಕೆಳಗಿನ ಬಾಣದ ಕೀಲಿ ಒಂದ್ ಸಲ. ಒಂದೇ ಸಲ. ಅವ್ವ, ಪಟ್ಟಿ ಸರೀತೇನ್ರಿ?"

"ಹೂಂ. ಎರಡನೇ ಸಾಲಿಗಿ ಬಂತು."

ಅರ್ಜುಮಂದ ಉಗುಳು ನುಂಗುತ್ತಾರೆ. "ಎಂಟರ್."

ಇದೇ ಹೊತ್ತಿಗೆ ಹಿಂದಿನಿಂದ ಬಸ್ಸಿನ ಹಾರ್ನು. ಜನ ಸೇರಿ ಟ್ರೇಲರನ್ನು ಒಂದು ಬದಿಗೆ ನೂಕಿದ್ದಾರೆ. ಡ್ರೈವರ್ ಎಂಜಿನ್ ಚಾಲು ಮಾಡಿ, ಹತ್ತುವವರು ಹತ್ತಲಿ ಎಂದು ನಿಧಾನ ಸರಿಸುತ್ತಿದ್ದಾನೆ. ಅರ್ಜುಮಂದ ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಬುರ್ಖಾದ ಅಂಚು ಹಿಡಿದು ಓಡಿ ಹತ್ತುತ್ತಾರೆ.

"ಬ್ಯಾರೆ ಸಾಲು ಬಂದ್ವು ಯವ್ವಾ," ಭೀಮಾಬಾಯಿಯ ದನಿ ಈಗ ತುಂಡು ತುಂಡಾಗಿ ಬರುತ್ತಿದೆ.

"ಹೌದ್ರಿ. ಇದ್ರಾಗ ಹೊಸಾದು ಮ್ಯಾಲಿರ್ತದ, ಹಳೇದು ಕೆಳಗ. ನಮಗ ಬೇಕಾದದ್ದು—"

ಬಸ್ಸು ಓಡುತ್ತದೆ. ಫೋನು ಕಡಿಯುತ್ತದೆ.

ಮತ್ತೆ ಹಚ್ಚುತ್ತಾರೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎನ್ನುವ ಮಾತೂ ಬರುವುದಿಲ್ಲ. ಸಿಗ್ನಲ್ ಗೀಟುಗಳೇ ಇಲ್ಲ. ಮೂರನೆಯ ಸಾಲು ಎಂಬ ಮಾತು ಆ ಕಡೆ ಮುಟ್ಟಿಲ್ಲ. ಅದರಲ್ಲಿ ಅನುಮಾನವಿಲ್ಲ. ದುರಸ್ತಿಗೆಂದೇ ಇರುವ ಎರಡನೆಯದನ್ನೋ ನಾಲ್ಕನೆಯದನ್ನೋ ಆರಿಸಿದರೆ, ಮಲ್ಲೇಶ್ವರಿಯ ಮುಂದೆ ಮಾತಿಲ್ಲದ ಯಂತ್ರ. ಕಿಟಕಿಯಾಚೆ ಮೆಣಸಿನಕಾಯಿ ಹೊಲ, ಕಾಲುವೆ, ಮತ್ತೆ ಹೊಲ. ಪಕ್ಕದಲ್ಲಿ ಕೂತ ಹೆಂಗಸು, "ಮನ್ಯಾಗ ಯಾರಿಗರ ಆರಾಮಿಲ್ಲೇನ್ರಿ?" ಎಂದು ಕೇಳುತ್ತಾರೆ. ಅರ್ಜುಮಂದ ತಲೆಯಾಡಿಸುತ್ತಾರೆ. ಹೌದೋ ಅಲ್ಲವೋ ಅವರಿಗೇ ತಿಳಿಯದು.

ಸಿಗ್ನಲ್ ಬಂದಾಗ ಫೋನು ಹಚ್ಚುತ್ತಾರೆ. ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ. ಮತ್ತೆ ಹಚ್ಚುತ್ತಾರೆ. ಸ್ವಿಚ್ ಆಫ್.

ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಹತ್ತು ದಾಟಿದೆ. ಅರ್ಜುಮಂದ ಓಡುನಡಿಗೆಯಲ್ಲಿ ಬೀದಿ ಏರುತ್ತಾರೆ. ದಾರಿಯಲ್ಲಿ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಾರೆ. ಯಾವ ಮಾತೂ ಕೂಡುವುದಿಲ್ಲ. ಮನೆಯ ಬಾಗಿಲು ಎಳೆದು ಮುಚ್ಚಿದೆ. ಹೊಸ್ತಿಲ ಹೊರಗೆ ಕೂತ ಭೀಮಾಬಾಯಿ ಅವರನ್ನು ಕಂಡದ್ದೇ ತುಟಿಯ ಮೇಲೆ ಬೆರಳಿಡುತ್ತಾರೆ.

ಒಳಗಿನಿಂದ ಯಂತ್ರದ ದನಿ ಕೇಳುತ್ತಿದೆ. ಮಾಮೂಲಿನಂತೆ ಗಡಬಡಿಸಿ ಓದುತ್ತಿದೆ. ಅದರ ನಡುವೆ ಯಾರೋ ಗಂಡಸಿನ ದನಿ, ಆಮೇಲೆ ಮಲ್ಲೇಶ್ವರಿಯ ದನಿ: "ಇಲ್ಲಿ ಒತ್ತಕ್ಷರ ತಪ್ಪಾಗಿದೆ ಸರ್, ತಿದ್ದುತ್ತೇನೆ."

ಅರ್ಜುಮಂದ ಮೆಟ್ಟಿಲ ಮೇಲೆ ಕೂರುತ್ತಾರೆ. ಡಾಂಗಲ್ ಇನ್ನೂ ಕರವಸ್ತ್ರದ ಗಂಟಿನಲ್ಲಿ, ಮುಷ್ಟಿಯೊಳಗೆ ಇದೆ. ಆದರೂ ಜೀವಕ್ಕೆ ಸಮಾಧಾನವಿಲ್ಲ. ವೈಫೈ ಈಗ ಇದೆ. ಇನ್ನೊಂದು ಗಳಿಗೆಗೆ ಇರುತ್ತದೆಯೇ? ಕರೆಂಟ್ ಇರುತ್ತದೆಯೇ? ನಡುವೆ ಒಮ್ಮೆ ಒಳಗಿನ ದನಿ ನಿಂತುಬಿಡುತ್ತದೆ. ಅವರು ಅರ್ಧ ಎದ್ದು ನಿಲ್ಲುತ್ತಾರೆ. ಭೀಮಾಬಾಯಿ ಅವರ ಕೈ ಹಿಡಿಯುತ್ತಾರೆ. ಯಂತ್ರ ಮತ್ತೆ ಓದತೊಡಗುತ್ತದೆ.

ಬಾಗಿಲು ತೆರೆದಾಗ ಅರ್ಜುಮಂದ ಕೇಳುವ ಮೊದಲ ಮಾತು, "ಕಡೀತನಕ ವೈಫೈ ಇತ್ತೇನು?"

"ಇತ್ತು ಅಕ್ಕ," ಎಂದು ಮಲ್ಲೇಶ್ವರಿ ನಗುತ್ತಾಳೆ. "ಇಂಟರ್‌ವ್ಯೂ ಹ್ಯಾಂಗಾತು ಅಂತ ಕೇಳಂಗಿಲ್ಲೇನು?" ಮೊದಲು ಫೋನು ರಿಂಗಾದಾಗ ಸಂದರ್ಶನ ಶುರುವಾಗುತ್ತಿತ್ತು. ಆಮೇಲೆ ಅವಳೇ ಆರಿಸಿಟ್ಟಿದ್ದಳು.

ಮೂರನೆಯ ಸಾಲು ಎಂದು ಅವಳಿಗೆ ಯಾರು ಹೇಳಿದರು? ಯಾರೂ ಹೇಳಲಿಲ್ಲ. ಫೋನು ಕಡಿದ ಮೇಲೆ ತಾಯಿ ಮಗಳು ಕಪ್ಪು ಪರದೆಯ ಮುಂದೆಯೇ ಕೂತಿದ್ದರು. ಹಳೆಯದು ಕೆಳಗೆ ಎಂಬಲ್ಲಿಗೆ ಮಾತು ನಿಂತಿತ್ತು. ಆಗ ಮಲ್ಲೇಶ್ವರಿ, ಸಾಲುಗಳು ಹೇಗಿವೆ ಹೇಳು ಎಂದು ತಾಯಿಯನ್ನು ಕೇಳಿದಳು. ಭೀಮಾಬಾಯಿ ದಿನವೂ ರೊಟ್ಟಿಯ ಅಂಚು ನೋಡುವ ಕಣ್ಣಿನಲ್ಲೇ ನೋಡಿ ಹೇಳಿದರು: "ಒಂದು ಗಿಡ್ಡ, ಒಂದು ಉದ್ದ. ಮತ್ತ ಒಂದು ಗಿಡ್ಡ, ಒಂದು ಉದ್ದ."

"ನಾ ವಿಚಾರ ಮಾಡಿದ್ನಿ," ಎನ್ನುತ್ತಾಳೆ ಮಲ್ಲೇಶ್ವರಿ. "ಉದ್ದಂದ್ರಾಗ ಏನೋ ಹೆಚ್ಚಿಂದು ಬರದಾರ, ಅದು ನಮಗ ಬ್ಯಾಡ. ಮ್ಯಾಲಿನ ಗಿಡ್ಡ ಅಂದ್ರ ಇವತ್ತಿನ ಕೆಟ್ಟಿದ್ದು. ಕೆಳಗಿನ ಗಿಡ್ಡ ನಿನ್ನಿದು ಇರಬೇಕು. ಅವ್ವಗ ಕೇಳಿದ್ನಿ, ಒತ್ತಲೇನು ಅಂತ. ಒತ್ತು ಅಂದ್ಲು."

ಒತ್ತಿದ ಮೇಲೆ ಓದುವ ದನಿ ಏಳುವವರೆಗೆ ಇಬ್ಬರೂ ಕೈ ಕೈ ಹಿಡಿದು ಕೂತಿದ್ದರಂತೆ. ಯಂತ್ರ ಮಾತಾಡಿತು, ತುಸು ಹೊತ್ತಿಗೆ ನೆಟ್ ಬಂದಿದೆ ಎಂದೂ ಹೇಳಿತು.

"ನಿನ್ನಿ ನಾ ಕೇಳಬೇಕಾಗಿತ್ತು, ಇವತ್ತು ಏನು ಕೆಲಸ ಅದ ಅಂತ," ಎನ್ನುತ್ತಾರೆ ಅರ್ಜುಮಂದ.

"ನಾನೂ ಹೇಳಲಿಲ್ಲ ಅಕ್ಕ. ಸಿಗಲಿಲ್ಲಂದ್ರ ನಗ್ತಾರ ಅಂತ ಯಾರಿಗೂ ಹೇಳಿದ್ದಿಲ್ಲ."

ಭೀಮಾಬಾಯಿ ಚಹಾ ತರುತ್ತಾರೆ. ಅರ್ಜುಮಂದ ಕೂತು, ಈಗ ಬಂದ ನೆಟ್ಟಿನಲ್ಲಿ ಹಿಂದುಳಿದ ಸಾಮಾನನ್ನೆಲ್ಲ ತರಿಸಿ, ಡ್ರೈವರ್ ಕಟ್ಟಿಸಿ, ಹೊಸ ಕರ್ನಲ್‌ನಲ್ಲೂ ವೈಫೈ ಹತ್ತುವುದನ್ನು ಎರಡು ಸಲ ನೋಡಿಯೇ ಎದ್ದದ್ದು. ಅಂದಿನಿಂದ ಯಾರು ಅಪ್‌ಡೇಟ್ ಬಗ್ಗೆ ಫೋನು ಮಾಡಿದರೂ ಅವರು ಮೊದಲು ಕೇಳುವುದು ನಾಳೆಯ ಕೆಲಸವನ್ನು. ಆಮೇಲೆ ಕರೆಂಟು, ಬ್ಯಾಟರಿ. "ಹೆದರಿಕಿ ಇದ್ದಾಕಿ ನಾನು. ಅಷ್ಟು ಹೆದರಿನೂ ಅವತ್ತು ಕೇಳಲಿಲ್ಲ ನೋಡ್ರಿ," ಎಂದು ತಮ್ಮನ್ನೇ ದೂರುತ್ತಾರೆ.

ಮರುವಾರ ಸಂಸ್ಥೆಯಿಂದ ಮಲ್ಲೇಶ್ವರಿಗೆ ಕರೆ ಬಂತು. ಮೂರು ತಿಂಗಳು ನೋಡುತ್ತಾರೆ, ಆಮೇಲೆ ಕಾಯಂ. ನಾಲ್ಕನೆಯ ತರಗತಿಯ ಪರಿಸರ ಪುಸ್ತಕ ಈಗ ಅವಳ ಕೈಯಲ್ಲಿದೆ. ಸುದ್ದಿ ಕೇಳಿ ಖಾಜಾಹುಸೇನ ಜಿಲೇಬಿ ತಂದರು. ಅರ್ಜುಮಂದ ಒಂದು ತುಂಡು ಬಾಯಿಗಿಟ್ಟರೂ ಮನಸ್ಸು ಇನ್ನೆಲ್ಲೋ ಇತ್ತು. ಈಗ ಅದು ದಿನದ ನೌಕರಿಯ ಯಂತ್ರ. ಇನ್ನೊಮ್ಮೆ ಹೀಗಾದರೆ? ಭೀಮಾಬಾಯಿ ಖಾನಾವಳಿಗೆ ಹೋಗಿದ್ದರೆ? ಆ ಕಪ್ಪು ಪರದೆ ಬಂದಿದೆಯೋ ಇಲ್ಲವೋ ಎಂಬುದಾದರೂ ಅವಳಿಗೆ ತಿಳಿಯುವುದು ಹೇಗೆ?

ಈ ಪ್ರಶ್ನೆ ಹಿಡಿದು ಅವರು ಒಂದು ವಾರ ಓದಿದರು, ತಮ್ಮ ಲ್ಯಾಪ್‌ಟಾಪನ್ನು ಕೆಡಿಸಿ ಸರಿಮಾಡಿ ನೋಡಿದರು. ಆ ಪಟ್ಟಿ ಮೂಡುವಾಗ ಯಂತ್ರ ಒಂದು ಸದ್ದು ಮಾಡುವಂತೆ ಹೇಳಲು ಸೆಟ್ಟಿಂಗಿನಲ್ಲಿ ಒಂದು ಸಾಲು ಇತ್ತು. ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ.

ಮುಂದಿನ ಶುಕ್ರವಾರ ಅವರು ಮತ್ತೆ ಸುರಪುರದ ಬಸ್ಸು ಹತ್ತಿದರು. ಮಲ್ಲೇಶ್ವರಿಯ ಯಂತ್ರದಲ್ಲಿ ಆ ಸಾಲು ಬರೆದು, ಯಂತ್ರ ಆರಿಸಿ, "ಈಗ ಚಾಲು ಮಾಡು" ಎಂದರು. ಅವಳು ಗುಂಡಿ ಒತ್ತಿದಳು. ಮೂವರೂ ಕಿವಿಗೊಟ್ಟು ಕೂತರು. ಫ್ಯಾನಿನ ಸದ್ದು. ಏನೂ ಇಲ್ಲ. ಅಷ್ಟರಲ್ಲಿ ಯಂತ್ರದ ಒಡಲಿನಿಂದ, ಸಣ್ಣದೊಂದು ಕೂಗು: ಟೊಂಯ್.

ಮಲ್ಲೇಶ್ವರಿ ಸದ್ದು ಬಂದ ಕಡೆ ಮುಖ ತಿರುಗಿಸಿದಳು. ಬೆರಳು ತಾನಾಗಿ ಕೆಳಗಿನ ಬಾಣದ ಕೀಲಿಗೆ ಹೋಯಿತು. "ಬಂತು," ಎಂದಳು. ಇನ್ನು ಸಾಲು ಎಣಿಸಿ ಒತ್ತಿದರಾಯಿತು, ತಾಯಿಯ ಕಣ್ಣು ಬೇಕಿಲ್ಲ.

ಈಗ ಕಣ್ಣು ಕಾಣದ ಇನ್ನೂ ಮೂವರ ಯಂತ್ರಗಳು ಹೀಗೆಯೇ ಕೂಗುತ್ತವೆ. ಆ ಮೂರನ್ನೂ ಅರ್ಜುಮಂದರೇ ಹೋಗಿ ಮಾಡಿಕೊಟ್ಟಿದ್ದಾರೆ. ಬೇರೇನಾದರೂ ಆಸೆ ಇದೆಯೇ ಎಂದರೆ, ಆ ಪಟ್ಟಿಯನ್ನು ಯಂತ್ರ ತಾನೇ ಕನ್ನಡದಲ್ಲಿ ಓದಿ ಹೇಳುವಂತಾಗಬೇಕು ಎನ್ನುತ್ತಾರೆ. ಅದು ತಮ್ಮಿಂದ ಆಗುವ ಕೆಲಸವಲ್ಲ ಎಂದೂ ಸೇರಿಸುತ್ತಾರೆ. ಮಾತಿನ ನಡುವೆ ಫೋನು ಗುಂಯ್ ಎನ್ನುತ್ತದೆ. ಎತ್ತುವ ಮುನ್ನ ಇಷ್ಟು ಹೇಳುತ್ತಾರೆ.

"ನಾ ಎಲ್ಲಾರ ಮನಿಗೂ ಓಡಾಕ ಆಗಂಗಿಲ್ರಿ, ನಡುವ ಬಸ್ಸು ನಿಂದರ್ತದ, ಫೋನು ಕಡೀತದ. ಆದ್ರ ನಾ ಇಲ್ಲದಾಗೂ ಅದು ಕೂಗ್ತದಲ್ರಿ. ನನಗ ಅಷ್ಟು ಸಾಕು."